ಜಕಣಾಚಾರಿಯ ತಪ್ಪೊಪ್ಪಿಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರಾಂತಗಳ ಹಳ್ಳಿಗಳಲ್ಲಿ ಹಳೆಯ ಕರಿಕಲ್ಲಿನ ಗುಡಿಯೊಂದನ್ನು ತೋರಿಸಿ, ಇದನ್ನು ಕಟ್ಟಿದವರು ಯಾರೆಂದು ಕೇಳಿದರೆ ಎರಡು ಬಗೆಯ ಉತ್ತರ ದೊರೆಯುವುದುಂಟು. ಮರಾಠಿ ಮನೆಮಾತಿನ ಹಿರಿಯರು ಅದನ್ನು ಹೇಮಾಡಪಂತಿ ಗುಡಿಯೆನ್ನುವರು. ಕನ್ನಡ ಮನೆಮಾತಿನವರು ಜಕಣಾಚಾರಿ ಕಟ್ಟಿದ್ದೆನ್ನುವರು. ಹೇಮಾಡಪಂತ ಅಥವಾ ಹೇಮಾದ್ರಿಯು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸರ ಮಂತ್ರಿಯಾಗಿದ್ದವನು. ಜಕಣಾಚಾರಿಯಾದರೋ ಶಾಸನಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ ಬಾಳಿದವನು. ಊರೂರಿನ ಗುಡಿಗಳನ್ನೆಲ್ಲ ಇವರಿಬ್ಬರೇ ಕಟ್ಟಿರಲಾರರೆಂಬುದು ಸ್ಪಷ್ಟವೇ ಇದೆ. ಆದರೂ ಈ ಎರಡು ಹೆಸರುಗಳಲ್ಲಿ ಒಂದು ಭೇದವುಂಟು. ಹೇಮಾಡಪಂತನನ್ನು ಜನರು ನೆನೆಯುವುದು ಅವನು ಕಟ್ಟಿಸಿದನೆಂಬ ಕಾರಣಕ್ಕೆ. ಜಕಣಾಚಾರಿಯ ಕಥೆ ಹೇಳುವವರು ಅವನು ಕಟ್ಟಿದ್ದನ್ನು ಎರಡು ಮಾತಿನಲ್ಲಿ ಮುಗಿಸಿ, ಅವನು ತಪ್ಪಿದ್ದನ್ನು ವಿಸ್ತಾರವಾಗಿ ಹೇಳುವರು. ನೂರಾರು ಗುಡಿಗಳ ಕೀರ್ತಿಯನ್ನು ಹೊತ್ತ ಶಿಲ್ಪಿಯ ಕಥೆಯ ನಡುವೆ ಒಂದು ಕೆಟ್ಟ ಕಲ್ಲು ಕುಳಿತಿದೆ.

ಕಥೆಯನ್ನು ಬಹುಮಂದಿ ಬಲ್ಲರು. ತುಮಕೂರಿನ ಸಮೀಪದ ಕ್ರೀಡಾಪುರದಲ್ಲಿ ಹುಟ್ಟಿದ ಜಕಣನು ಮದುವೆಯಾದ ಸ್ವಲ್ಪ ಕಾಲದಲ್ಲೇ ಮನೆಯನ್ನು ಬಿಟ್ಟು ಶಿಲ್ಪದ ಬೆನ್ನು ಹತ್ತಿ ಹೋದನು. ಒಂದು ಗುಡಿಯಿಂದ ಇನ್ನೊಂದು ಗುಡಿಗೆ, ಒಬ್ಬ ಅರಸನಿಂದ ಇನ್ನೊಬ್ಬ ಅರಸನಲ್ಲಿಗೆ ಹೋಗುತ್ತ ಊರನ್ನೂ ಹೆಂಡತಿಯನ್ನೂ ಮರೆತನು. ಅವನು ಹೋದ ಮೇಲೆ ಹುಟ್ಟಿದ ಮಗ ಡಂಕಣನು ಬೆಳೆದು, ತಾನೂ ಉಳಿಯನ್ನು ಹಿಡಿದು, ತಂದೆಯನ್ನು ಹುಡುಕುತ್ತ ಹೊರಟನು. ಆ ವೇಳೆಗೆ ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ದೇವಾಲಯದ ಕೆಲಸ ನಡೆದಿತ್ತು. ಹುಡುಗನಿಗೆ ಅಲ್ಲಿ ಕೂಲಿ ದೊರೆಯಿತು. ಅಲ್ಲಿಯ ಹಿರಿಯ ಶಿಲ್ಪಿಯೇ ತನ್ನ ತಂದೆಯೆಂದು ಅವನಿಗೆ ತಿಳಿಯದು. ಈ ಹುಡುಗ ತನ್ನ ಮಗನೆಂದು ಶಿಲ್ಪಿಗೂ ತಿಳಿಯದು.

ಪ್ರತಿಷ್ಠೆಗೆ ಸಿದ್ಧವಾದ ಮೂರ್ತಿಯ ಮುಂದೆ ಒಂದು ದಿನ ಹುಡುಗನು ನಿಂತು, ಈ ಕಲ್ಲಿನಲ್ಲಿ ದೋಷವಿದೆಯೆಂದನು. ಅರಸನು ಮೆಚ್ಚಿದ ಮೂರ್ತಿ. ಊರು ಕೈಮುಗಿಯಲು ಕಾದಿರುವ ಮೂರ್ತಿ. ಜಕಣಾಚಾರಿಗೆ ಕೋಪ ಬಂದಿತು. ದೋಷವನ್ನು ತೋರಿಸಿಕೊಟ್ಟರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಶಪಥ ಮಾಡಿದನು. ಹುಡುಗನು ಮೂರ್ತಿಗೆಲ್ಲ ಗಂಧವನ್ನು ತೇಯ್ದು ಲೇಪಿಸಿದನು. ಸ್ವಲ್ಪ ಹೊತ್ತಿನಲ್ಲಿ ಮೈಯ ಗಂಧವೆಲ್ಲ ಒಣಗಿತು. ನಾಭಿಯ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟು ಹೊಡೆದಾಗ ಚಕ್ಕೆ ಹಾರಿ, ಒಳಗಿನ ಪೊಳ್ಳಿನಿಂದ ನೀರೂ ಮರಳೂ ಒಂದು ಜೀವಂತ ಕಪ್ಪೆಯೂ ಹೊರಬಂದವು. ಶಿಲ್ಪಿಯು ಮಾತಿಗೆ ತಪ್ಪಲಿಲ್ಲ. ಕೈ ಹೋದ ಮೇಲೆಯೇ ತಂದೆಮಕ್ಕಳ ಗುರುತು ಸಿಕ್ಕಿತು.

ಬೇಲೂರಿನ ದೊಡ್ಡ ಗುಡಿ 1117ರಲ್ಲಿ ಪ್ರತಿಷ್ಠಿತವಾದದ್ದು. ಅದೇ ಪ್ರಾಕಾರದಲ್ಲಿ ರಾಣಿ ಶಾಂತಲಾದೇವಿ ಪ್ರತಿಷ್ಠೆ ಮಾಡಿಸಿದ ಚೆನ್ನಿಗರಾಯನನ್ನು ಇಂದಿಗೂ ಕಪ್ಪೆ ಚೆನ್ನಿಗರಾಯನೆಂದು ಕರೆಯುವರು. ಇತಿಹಾಸವನ್ನು ಬಲ್ಲವರು ಈ ಕಥೆಗೆ ಶಾಸನದ ಆಧಾರವಿಲ್ಲವೆನ್ನುವರು. ಆ ಮಾತು ದಿಟ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಕಾಣುವುದು ಬೇರೆ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಅಲ್ಲಿ ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. 1268ರ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರು ಹಲವು ಕಡೆ ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಈ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಹೆಸರುಗಳನ್ನು ಓದುವವರೂ ಹೆಚ್ಚಿರಬೇಕು.

ಹೆಸರು ಕೆತ್ತುವ ಈ ಪದ್ಧತಿಯನ್ನು ಕೀರ್ತಿಯ ಆಸೆಯೆಂದು ಹೇಳಿ ಮುಂದೆ ಹೋಗುವುದು ಸರಿಯಲ್ಲ. ವಿಗ್ರಹದ ಕೆಳಗೆ ಹೆಸರಿಟ್ಟವನು ಮೆಚ್ಚುಗೆಯ ಜೊತೆಗೆ ದೂರನ್ನೂ ತನ್ನ ಮನೆಬಾಗಿಲಿಗೆ ಕರೆದುಕೊಂಡ ಹಾಗಾಯಿತು. ಮೂಗು ವಕ್ರವಾದರೆ ಯಾರ ಕೈ ಎಂದು ಕೇಳಬೇಕಾಗಿಲ್ಲ, ಕಲ್ಲೇ ಹೇಳುತ್ತದೆ. ದಾಸೋಜನ ಪೀಠದ ಬರಹವೂ ಜಕಣಾಚಾರಿಯ ಕಥೆಯೂ ಒಂದೇ ವೃತ್ತಿಯ ಒಂದೇ ಕಟ್ಟಳೆಯನ್ನು ಎರಡು ರೀತಿಯಲ್ಲಿ ಹೇಳುತ್ತಿವೆ. ಕಥೆ ನಡೆಯಿತೋ ಇಲ್ಲವೋ, ಅದನ್ನು ಎಂಟು ನೂರು ವರ್ಷಗಳ ಹಿಂದಿನ ಗುಡಿಗಳ ನೆರಳಿನಲ್ಲಿ ಕುಳಿತು ಹೇಳಿಕೊಂಡು ಬಂದವರು ಶಿಲ್ಪಿಯಿಂದ ಏನನ್ನು ನಿರೀಕ್ಷಿಸಿದರೆಂಬುದು ಅದರಿಂದ ತಿಳಿಯುತ್ತದೆ.

ಈಗ ಆ ಕಲ್ಲನ್ನೇ ಸ್ವಲ್ಪ ವಿಚಾರಿಸಬೇಕು. ಕಪ್ಪೆಯನ್ನು ಕಲ್ಲಿನೊಳಗೆ ಇಟ್ಟವನು ಜಕಣಾಚಾರಿಯಲ್ಲ. ಒಳಗಿನ ಪೊಳ್ಳು ಹೊರಗಣ್ಣಿಗೆ ಕಾಣುವಂಥದ್ದೂ ಅಲ್ಲ. ಅವನು ಹಾಗೆ ವಾದಿಸಿದ್ದರೆ ಅರಸನೂ ಒಪ್ಪುತ್ತಿದ್ದನೇನೋ. ಆದರೆ ಶಿಲ್ಪಶಾಸ್ತ್ರವು ಕೆತ್ತನೆಗಿಂತ ಮೊದಲು ಶಿಲಾಪರೀಕ್ಷೆಯನ್ನು ಹೇಳುತ್ತದೆ. ಕಲ್ಲನ್ನು ತಟ್ಟಿ ನಾದವನ್ನು ಕೇಳಬೇಕು. ಘಂಟೆಯಂತೆ ನುಡಿಯುವುದು ಒಂದು ಜಾತಿ, ತಾಳದಂತೆ ನುಡಿಯುವುದು ಇನ್ನೊಂದು, ನಾದವೇ ಇಲ್ಲದ್ದು ಮತ್ತೊಂದು. ಲೇಪವನ್ನು ಬಳಿದು ಮೈಮೇಲೆ ಮಂಡಲದಂಥ ಗುರುತು ಮೂಡುವುದೇ ಎಂದು ನೋಡಬೇಕು. ಮೂಡಿದರೆ ಕಲ್ಲಿಗೆ ಗರ್ಭವಿದೆಯೆಂದು, ಒಳಗೆ ಜಂತುವಿರಬಹುದೆಂದು ತಿಳಿದು ಬಿಡಬೇಕು. ಹುಡುಗನು ಗಂಧವನ್ನು ಲೇಪಿಸಿದಾಗ ಹೊಸದೊಂದು ಪವಾಡವನ್ನು ಮಾಡಲಿಲ್ಲ. ಗುರುವಾದವನು ಮೊದಲ ದಿನ ಮಾಡಬೇಕಾಗಿದ್ದ ಪರೀಕ್ಷೆಯನ್ನು ಕೊನೆಯ ದಿನ ಮಾಡಿದನು. ಕಪ್ಪೆಯನ್ನು ಇಟ್ಟವನು ಬೇರೆ; ಕಲ್ಲನ್ನು ಆರಿಸಿದವನು ಜಕಣಾಚಾರಿ. ದೋಷಕ್ಕೆ ಕಾರಣನಾಗುವುದೂ ದೋಷಕ್ಕೆ ಹೊಣೆಯಾಗುವುದೂ ಒಂದೇ ಅಲ್ಲವೆಂಬ ಸೂಕ್ಷ್ಮ ಇಲ್ಲಿದೆ. ಕೆಲಸದ ಮನೆಗಳಲ್ಲಿ ಏಳುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನು ಬೆರೆಸುವುದರಿಂದಲೇ ಏಳುತ್ತವೆ. ಸುಣ್ಣ ಕೆಟ್ಟದ್ದು ಬಂದಿತ್ತೆಂದು ಮೇಸ್ತ್ರಿ ಹೇಳುತ್ತಾನೆ. ಸುಣ್ಣವನ್ನು ಸುಟ್ಟವನು ಅವನಲ್ಲ, ಸರಿ. ಅದನ್ನು ಕೈಯಲ್ಲಿ ಹಿಡಿದು ನೋಡಿ ಗೋಡೆಗೆ ಬಳಸಿದವನು ಯಾರು?

ಇಷ್ಟನ್ನು ಮೆಚ್ಚಿಕೊಂಡ ಮೇಲೆ ಜಕಣಾಚಾರಿಯ ಶಪಥವನ್ನು ಮೆಚ್ಚುವುದು ಕಷ್ಟ. ಕಥೆ ಹೇಳುವವರು ಕೈ ಕತ್ತರಿಸಿಕೊಂಡ ಘಟ್ಟಕ್ಕೆ ಬಂದಾಗ ದನಿ ಎತ್ತುತ್ತಾರೆ; ಕೇಳುವವರ ಕಣ್ಣು ತುಂಬುತ್ತದೆ. ಆದರೆ ಆ ಶಪಥ ಹುಟ್ಟಿದ್ದು ತಪ್ಪನ್ನು ಒಪ್ಪಿಕೊಳ್ಳುವ ಮನಸ್ಸಿನಿಂದಲ್ಲ, ತನ್ನಿಂದ ತಪ್ಪಾಗುವುದೇ ಇಲ್ಲವೆಂಬ ಗರ್ವದಿಂದ. ತಪ್ಪಿದ್ದರೆ ಕೈಯನ್ನು ಕೊಡುವೆನೆಂದವನು, ತಪ್ಪಿದೆಯೋ ಎಂದು ನೋಡುವ ಮೊದಲೇ ಬಾಯಿ ಮುಚ್ಚಿಸಲು ಹೊರಟಿದ್ದನು. ಅಂಥ ಮಾತನ್ನು ಕೇಳಿದ ಮೇಲೆ ಸಾಮಾನ್ಯ ಹುಡುಗನಾಗಿದ್ದರೆ ಹಿಂಜರಿಯುತ್ತಿದ್ದನು. ಒಂದು ಕಲ್ಲಿಗಾಗಿ ಒಬ್ಬ ಹಿರಿಯನ ಕೈ ಹೋಗಲಿ ಎಂದು ಯಾರು ತಾನೇ ಬಯಸುವರು? ಯಜಮಾನನು ಉಗ್ರ ಶಪಥ ಮಾಡುವ ಕಡೆ ಕೂಲಿಯವರು ದೋಷವನ್ನು ಕಂಡರೂ ಸುಮ್ಮನಿರುವುದನ್ನು ಕಲಿಯುತ್ತಾರೆ. ಅವನ ದೊಡ್ಡತನವು ಶಪಥದಲ್ಲಿಲ್ಲ. ಗಂಧವನ್ನು ಲೇಪಿಸಲು ಬಿಟ್ಟನಲ್ಲ, ಅದರಲ್ಲಿದೆ. ಹಸಿಯಾಗಿ ಉಳಿದ ಜಾಗದ ಮೇಲೆ ಉಳಿಯಿಡಲು ಬಿಟ್ಟನಲ್ಲ, ಅದರಲ್ಲಿದೆ. ಅರಸನ ಮುಂದೆ, ಊರಿನ ಮುಂದೆ, ತನ್ನ ಕೈಕೆಳಗಿನವರ ಮುಂದೆ ಅಷ್ಟಕ್ಕೆ ಅವಕಾಶ ಕೊಡುವುದು ಸಣ್ಣ ಮಾತಲ್ಲ.

ಸೊಲ್ಲಾಪುರದವರಿಗೆ ಇದಕ್ಕೆ ಹೋಲುವ ಮತ್ತೊಂದು ಕಥೆ ಮನೆಯ ಕಥೆಯೇ ಆಗಿದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆದು ಹೋದವರು ಸಿದ್ಧರಾಮೇಶ್ವರನ ಕೆರೆಯನ್ನು ಕಂಡೇ ಇರುವರು. 12ನೆಯ ಶತಮಾನದಲ್ಲಿ ಆ ಊರಿನ ಹೆಸರು ಸೊನ್ನಲಿಗೆ. ಸಿದ್ಧರಾಮನು ಗುಡಿಗಳನ್ನು ಕಟ್ಟಿಸಿ, ಕೆರೆಯನ್ನು ತೋಡಿಸಿ, ನೂರಾರು ಜನರನ್ನು ದುಡಿಸಿ ತಾನೂ ದುಡಿಯುತ್ತಿದ್ದ ಕಾಲದಲ್ಲಿ ಅಲ್ಲಮಪ್ರಭುವು ಅಲ್ಲಿಗೆ ಬಂದನೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಬಂದವನು ಕೆಲಸದವರ ಮುಂದೆ ಸಿದ್ಧರಾಮನನ್ನು ಬರಿಯ ಮಣ್ಣು ಅಗೆಯುವವನೆಂಬಂತೆ ಜರೆದು ಮಾತನಾಡಿದನು. ಯಜಮಾನನ ಮೇಲಿನ ಪ್ರೀತಿಯಿಂದ ಕೆಲಸದವರು ಕೆರಳಿ ಕಲ್ಲು ತೂರಿದರು. ಕಲ್ಲುಗಳು ಅವನನ್ನು ಮುಟ್ಟಲಿಲ್ಲ. ಸುದ್ದಿ ತಿಳಿದು ಸಿದ್ಧರಾಮನೇ ಉರಿಗಣ್ಣಿನಿಂದ ಬಂದನು. ಆ ಉರಿಯೂ ಅಲ್ಲಮನ ಮುಂದೆ ತಣ್ಣಗಾಯಿತು. ಅನಂತರ ನಡೆದ ದೀರ್ಘ ಸಂವಾದದಲ್ಲಿ ಸಿದ್ಧರಾಮನು ಬಾಗಿದನು. ಕೊನೆಗೆ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೊರಟನು.

ಈ ಕಥೆಯನ್ನು ಜ್ಞಾನಕ್ಕೂ ಕರ್ಮಕ್ಕೂ ನಡೆದ ವಾದವೆಂದು ಪಂಡಿತರು ವಿವರಿಸುವರು. ಅದು ಹಾಗಿರಲಿ. ಕೆಲಸ ಮಾಡಿಸುವವರು ಗಮನಿಸಬೇಕಾದ ಅಂಶವೊಂದು ಬೇರೆಯೇ ಇದೆ. ಕಲ್ಲು ತೂರಿದವರು ಸಿದ್ಧರಾಮನ ಜನ. ಆದರೆ ತಾನು ತೂರಲಿಲ್ಲ, ಅವರು ತೂರಿದರು ಎಂಬ ಮಾತು ಕಥೆಯಲ್ಲಿ ಅವನ ಬಾಯಿಂದ ಬರುವುದಿಲ್ಲ. ಬಾಗಬೇಕಾದ ತಲೆ ತನ್ನದೆಂದು ತಿಳಿದು ಬಾಗಿದನು. ನೂರು ಜನರ ಮೇಲೆ ಅಧಿಕಾರವಿದ್ದವನಿಗೆ ತಪ್ಪನ್ನು ಹೊರಿಸಲು ನೂರು ಹೆಗಲು ಹತ್ತಿರದಲ್ಲೇ ಇರುತ್ತವೆ. ಆ ಹೆಗಲುಗಳ ಕಡೆ ನೋಡದಿರುವುದಕ್ಕೆ ಒಂದು ಬಗೆಯ ತಪಸ್ಸೇ ಬೇಕು.

ಇನ್ನೂ ಒಂದು ಕಥೆಯಿದೆ. ಅದು ಗಾತ್ರದಲ್ಲಿ ಚಿಕ್ಕದು, ಒಂದು ಸೇರು ಅಕ್ಕಿಯದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಹೆಂಡತಿ ಲಕ್ಕಮ್ಮನು ಅದನ್ನು ಬೇಯಿಸಿ ಜಂಗಮರಿಗೆ ಉಣಬಡಿಸುವಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲದ ಮೇಲೆ ಬಿದ್ದಿದ್ದದ್ದು. ಆದರೂ ಲಕ್ಕಮ್ಮನು ತೂಕವನ್ನು ಕೈಯಿಂದಲೇ ಅರಿತು, ದಿನದ ಅಳತೆಗೆ ಮೀರಿದ್ದು ಆಸೆಯೆಂದೂ, ಅದನ್ನು ಮೊದಲಿದ್ದ ಜಾಗದಲ್ಲೇ ಸುರಿದು ಬರಬೇಕೆಂದೂ ಹೇಳಿದಳು. ಮಾರಯ್ಯನು ಮರಳಿ ಹೋಗಿ ಸುರಿದು ಬಂದನು.

ನಾಳೆಯಿಂದ ಅಳತೆಯಲ್ಲಿ ತರುವೆನೆಂದು ಮಾರಯ್ಯನು ಹೇಳಿದ್ದರೆ ಬಹುಶಃ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತಪ್ಪಾಯಿತೆಂದು ಬಾಯಿಂದ ಹೇಳುವುದು ಅರ್ಧ ಕೆಲಸ. ಅಕ್ಕಿಯನ್ನು ಹೊತ್ತುಕೊಂಡು, ಹಗಲಿನಲ್ಲಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುವುದು ಉಳಿದರ್ಧ. ಆ ದಾರಿಯಲ್ಲಿ ಕಂಡವರು ಏಕೆಂದು ಕೇಳದಿರುವರೇ?

ಮೂರು ಕಥೆಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ವಿಚಿತ್ರವಾದ ಸಾಮ್ಯ ಕಾಣುತ್ತದೆ. ಜಕಣಾಚಾರಿಯ ತಪ್ಪನ್ನು ಹೇಳಿದವನು ಕೂಲಿಗೆ ಬಂದ ಹುಡುಗ. ಸಿದ್ಧರಾಮನಿಗೆ ಹೇಳಿದವನು ಎಲ್ಲಿಂದಲೋ ಬಂದ ಪರದೇಶಿ. ಮಾರಯ್ಯನಿಗೆ ಹೇಳಿದವಳು ಒಲೆಯ ಮುಂದಿನ ಹೆಂಡತಿ. ಮೇಲಧಿಕಾರಿಯಾಗಲಿ, ಅರಸನಾಗಲಿ, ಪಂಚರಾಗಲಿ ಹೇಳಿದ್ದಲ್ಲ. ಲೋಕದಲ್ಲಿಯೂ ಬಹುವೇಳೆ ಹೀಗೆಯೇ ಆಗುತ್ತದೆ. ಮೇಷ್ಟರು ಹಲಗೆಯ ಮೇಲೆ ಮಾಡಿದ ಲೆಕ್ಕದ ತಪ್ಪು ಮೊದಲು ಕಾಣುವುದು ಹಿಂದಿನ ಸಾಲಿನ ಹುಡುಗನಿಗೆ. ಔಷಧಿಯ ಪುಡಿಕೆ ಬದಲಾದದ್ದು ಮೊದಲು ತಿಳಿಯುವುದು ಅದನ್ನು ಕಟ್ಟಿಕೊಡುವ ಆಳಿಗೆ. ಹೇಳಿದವನ ಸ್ಥಾನವನ್ನು ನೋಡಿ ಮಾತನ್ನು ತೂಗುವವನು ತನ್ನ ಕೆಲಸದ ಕಣ್ಣುಗಳಲ್ಲಿ ಹೆಚ್ಚಿನವನ್ನು ತಾನೇ ಕುರುಡು ಮಾಡಿಕೊಳ್ಳುವನು.

ತಪ್ಪನ್ನು ಬೇಗ ಹೇಳಬೇಕೆಂಬುದಕ್ಕೆ ನೀತಿಯ ಕಾರಣವಷ್ಟೇ ಅಲ್ಲ, ಕಸುಬಿನ ಕಾರಣವೂ ಇದೆ. ಸೊಲ್ಲಾಪುರವು ಮಗ್ಗಗಳ ಊರಾದುದರಿಂದ ಇದನ್ನು ಅಲ್ಲಿ ವಿವರಿಸಬೇಕಾದ್ದಿಲ್ಲ. ನೇಯುವಾಗ ಹಾಸಿನ ಒಂದು ಎಳೆ ತುಂಡಾದರೆ ಮಗ್ಗವನ್ನು ನಿಲ್ಲಿಸಿ, ತುದಿಗಳನ್ನು ಹುಡುಕಿ, ಗಂಟು ಹಾಕಬೇಕು. ನಿಲ್ಲಿಸಿದರೆ ಹೊತ್ತು ಹೋಗುತ್ತದೆ, ಪಕ್ಕದವನು ನೋಡುತ್ತಾನೆ, ಕೂಲಿ ಕಡಿಮೆಯಾಗುತ್ತದೆ. ನಿಲ್ಲಿಸದೆ ಲಾಳಿಯನ್ನು ಎಸೆಯುತ್ತ ಹೋದರೆ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ; ಎಷ್ಟು ನೇಯ್ದರೆ ಅಷ್ಟು ಉದ್ದ. ಹೊಕ್ಕಿನಲ್ಲಿ ತಪ್ಪಿದರೆ ತಪ್ಪಿದ ಜಾಗದವರೆಗೂ ಬಿಚ್ಚಬೇಕು. ನಾಲ್ಕು ಎಳೆಯ ನಂತರ ಕಂಡರೆ ನಾಲ್ಕು, ನಾನೂರು ಎಳೆಯ ನಂತರ ಕಂಡರೆ ನಾನೂರು. ಗೋಡೆ ಕಟ್ಟುವವನ ತೂಗುಗುಂಡಿನ ಮಾತೂ ಇದೇ. ಮೂರನೆಯ ವರಸೆಯಲ್ಲಿ ಒಂದು ನೂಲಿನಷ್ಟು ವಾಲಿದ್ದು ಮೂವತ್ತನೆಯ ವರಸೆಗೆ ಹೋಗುವಾಗ ಕಣ್ಣಿಗೆ ರಾಚುತ್ತದೆ. ಆಗ ಗಾರೆಯಿಂದ ಮುಚ್ಚುವುದೊಂದೇ ದಾರಿಯೆಂದು ತೋರುತ್ತದೆ. ಗಾರೆ ಬಹಳ ಪಾಪಗಳನ್ನು ಮುಚ್ಚಿದೆ, ಮಳೆ ಬರುವವರೆಗೆ.

ಕಿರ್ದಿಯನ್ನು ಬರೆಯುವ ಗುಮಾಸ್ತರಲ್ಲಿಯೂ ಒಂದು ಒಳ್ಳೆಯ ಪದ್ಧತಿಯುಂಟು. ತಪ್ಪು ಬರೆದ ಅಂಕಿಯನ್ನು ಉಜ್ಜಿ ಅಳಿಸಬಾರದು, ಹಾಳೆಯನ್ನು ಹರಿಯಬಾರದು. ಹಳೆಯ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆಯನ್ನು ಎಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಆ ಪುಟದಲ್ಲಿ ತಪ್ಪೂ ಕಾಣುತ್ತದೆ, ತಿದ್ದಿದ್ದೂ ಕಾಣುತ್ತದೆ, ತಿದ್ದಿದವನೂ ಕಾಣುತ್ತಾನೆ. ಅಂಥ ಗೆರೆಗಳು ನಾಲ್ಕಾರು ಇರುವ ಪುಸ್ತಕವನ್ನು ಲೆಕ್ಕ ನೋಡುವವರು ನಂಬುವರು. ಉಜ್ಜಿ ತೆಳ್ಳಗಾದ ಕಾಗದವನ್ನು ಕಂಡರೆ ಬೆಳಕಿಗೆ ಹಿಡಿದು ನೋಡುವರು. ದಾಸೋಜನು ಪೀಠದ ಮೇಲೆ ಕೆತ್ತಿದ ಹೆಸರಿಗೂ ಗುಮಾಸ್ತನ ಈ ರುಜುವಿಗೂ ಹೆಚ್ಚಿನ ಅಂತರವಿಲ್ಲ.

ದೇವಾಲಯದ ಪೂಜಾವಿಧಿಯಲ್ಲಿಯೂ ತಪ್ಪಿಗೆ ಒಂದು ಸ್ಥಾನವನ್ನು ಇಟ್ಟಿರುವರು. ಪೂಜೆ ಮುಗಿಯುವಾಗ ಅರ್ಚಕನು, ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಏನಾದರೂ ಕೊರತೆಯಾಗಿದ್ದರೆ ಮನ್ನಿಸಬೇಕೆಂದು ಕೇಳಿಕೊಳ್ಳುವನು. ಆಗಮದ ಪ್ರಕಾರ ನಡೆಯುವ ದೊಡ್ಡ ದೇವಾಲಯಗಳಲ್ಲಿ ವರ್ಷದಲ್ಲಿ ತಿಳಿದೂ ತಿಳಿಯದೆಯೂ ಆದ ಲೋಪಗಳಿಗಾಗಿ ಪವಿತ್ರೋತ್ಸವವೆಂಬ ಪ್ರತ್ಯೇಕ ಉತ್ಸವವೇ ಇದೆ. ತಿರುಮಲೆಯಲ್ಲಿ 15ನೆಯ ಶತಮಾನದಷ್ಟು ಹಿಂದೆಯೇ ಅದು ನಡೆಯುತ್ತಿತ್ತು. ನಡುವೆ ಬಹುಕಾಲ ನಿಂತುಹೋಗಿ 1962ರಲ್ಲಿ ಮತ್ತೆ ಆರಂಭವಾಯಿತು. ಅಷ್ಟು ಎಚ್ಚರಿಕೆಯಿಂದ ನಡೆಯುವ ಕ್ಷೇತ್ರದಲ್ಲಿಯೂ ಲೋಪವಾಗಿಯೇ ಆಗುವುದೆಂದು ಮೊದಲೇ ಲೆಕ್ಕ ಹಿಡಿದಿರುವುದು ಮೆಚ್ಚತಕ್ಕದ್ದು. ತಪ್ಪೇ ಆಗದೆಂಬ ಶಪಥ ಅಲ್ಲಿಲ್ಲ.

ಆದರೆ ಇಲ್ಲಿ ಒಂದು ಅಪಾಯವೂ ಉಂಟು. ದೇವರ ಮುಂದೆ ತಪ್ಪಾಯಿತೆನ್ನುವುದು ಸುಲಭ. ಅವನು ತಿರುಗಿ ಪ್ರಶ್ನೆ ಕೇಳುವುದಿಲ್ಲ. ಗುಡಿಯಲ್ಲಿ ಕೆನ್ನೆ ಬಡಿದುಕೊಂಡು ಬಂದವನು, ಅಳತೆಯಲ್ಲಿ ಕಡಿಮೆ ಕೊಟ್ಟ ಗಿರಾಕಿಯ ಬಾಗಿಲಿಗೆ ಹೋಗಲು ಹಿಂಜರಿಯುವನು. ತನ್ನ ತಪ್ಪಿಗಾಗಿ ಬೈಗುಳ ತಿಂದ ಆಳನ್ನು ಕರೆದು ಮಾತನಾಡಲು ನಾಚುವನು. ಮಾರಯ್ಯನು ಅಕ್ಕಿಯನ್ನು ದೇವರ ಹುಂಡಿಗೆ ಹಾಕಲಿಲ್ಲ. ಎಲ್ಲಿಂದ ತಂದಿದ್ದನೋ ಅಲ್ಲಿಗೇ ಒಯ್ದನು.

ಜಕಣಾಚಾರಿಯ ಕಥೆಯೂ ಬೇಲೂರಿನಲ್ಲಿ ಮುಗಿಯುವುದಿಲ್ಲ. ಕೈ ಹೋದ ಶಿಲ್ಪಿಯು ಮನೆಯ ಮೂಲೆಯಲ್ಲಿ ಕುಳಿತಿದ್ದರೆ ಜನರು ಅವನನ್ನು ಸತ್ಯಸಂಧನೆಂದು ಹೊಗಳಿ ಸುಮ್ಮನಾಗುತ್ತಿದ್ದರು. ಹುಟ್ಟೂರಿನಲ್ಲಿ ಚೆನ್ನಕೇಶವನಿಗೆ ಒಂದು ಗುಡಿಯನ್ನು ಕಟ್ಟಬೇಕೆಂದು ಅವನಿಗೆ ಅಪ್ಪಣೆಯಾಯಿತೆಂದು ಕಥೆ ಹೇಳುತ್ತದೆ. ಅಂದರೆ ಅವನು ಮೊದಲು ಹೆಂಡತಿಯನ್ನು ಬಿಟ್ಟು ಹೊರಟ ಊರಿಗೇ ಹಿಂದಿರುಗಬೇಕಾಯಿತು. ಕಲ್ಲಿನ ದೋಷವನ್ನು ಎಲ್ಲರೂ ನೋಡಿದರು. ಅದಕ್ಕಿಂತ ಹಳೆಯದಾದ ಈ ತಪ್ಪನ್ನು ಕಥೆ ಹೇಳುವವರು ಸಾಮಾನ್ಯವಾಗಿ ತಪ್ಪೆಂದು ಎಣಿಸುವುದೇ ಇಲ್ಲ. ಕೀರ್ತಿಯ ಬೆನ್ನು ಹತ್ತಿ ಹೋದವನ ಮನೆಯಲ್ಲಿ ಮಗುವನ್ನು ಒಬ್ಬಳೇ ಸಾಕಿದವಳ ಹೆಸರನ್ನು ಸಹ ಬಹುಮಂದಿ ಹೇಳುವುದಿಲ್ಲ.

ಕೈ ಮರಳಿ ಬಂದ ಮೇಲೆ ಅವನು ಕೆಲಸಕ್ಕೆ ಹೋದನೆಂದು ಕಥೆಯಲ್ಲಿಲ್ಲ. ಒಂದೇ ಕೈಯಲ್ಲಿ, ತಪ್ಪನ್ನು ತೋರಿಸಿದ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸವನ್ನು ಹಿಡಿದನು. ಗುಡಿ ಮುಗಿದಾಗ ಕೈ ಬಂದಿತು. ಅದರಿಂದಲೇ ಕ್ರೀಡಾಪುರಕ್ಕೆ ಕೈದಾಳವೆಂಬ ಹೆಸರಾಯಿತೆಂದು ಹೇಳುವರು. ಶಾಸನವಾದರೋ ಆ ಗುಡಿಯನ್ನು 1150ರ ಸುಮಾರಿಗೆ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಾಚಿಯೆಂಬ ಸಾಮಂತನು ಕಟ್ಟಿಸಿದನೆನ್ನುತ್ತದೆ. ತುಮಕೂರಿನಿಂದ ಅದು ದೂರವೇನೂ ಅಲ್ಲ. ಹೋದವರು ಎತ್ತರವಾದ ಚೆನ್ನಕೇಶವನ ಮೂರ್ತಿಯನ್ನು ಕಂಡು, ಕೈ ಬಂದ ಕಥೆಯನ್ನು ಕೇಳಿ, ಮೂರ್ತಿಯ ನಾಭಿಯ ಕಡೆಗೊಮ್ಮೆ ನೋಡಿಯೇ ಹಿಂದಿರುಗುವರು.